ಕಾರು ನಿಲ್ಲುವ ಜಾಗದಲ್ಲಿ ಸಂಸಾರ

ಬೆಂಗಳೂರಿನ ಯಾವುದೇ ಹಳೆಯ ಬಡಾವಣೆಯಲ್ಲಿ 30x40 ಅಡಿ ನಿವೇಶನಗಳ ಸಾಲನ್ನು ನೋಡಿ. ನಕ್ಷೆಯಲ್ಲಿ ‘ಕಾರ್ ಪಾರ್ಕಿಂಗ್’ ಎಂದು ತೋರಿಸಿ ಮಂಜೂರಾತಿ ಪಡೆದ ಜಾಗಕ್ಕೆ ಎಷ್ಟೋ ಮನೆಗಳಲ್ಲಿ ಗೋಡೆ ಎದ್ದಿದೆ, ಬಾಗಿಲು ಕೂತಿದೆ. ಒಳಗೆ ಪುಟ್ಟ ಸಂಸಾರವೋ, ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳೋ, ಡೆಲಿವರಿ ಹುಡುಗರೋ ಬಾಡಿಗೆಗಿದ್ದಾರೆ. ನಿವೃತ್ತ ಮಾಲೀಕರಿಗೆ ಆ ಬಾಡಿಗೆ ಔಷಧಿಯ ಖರ್ಚಿಗಾಗುತ್ತದೆ. ಬಾಡಿಗೆದಾರರಿಗೆ ಕೆಲಸದ ಜಾಗದ ಹತ್ತಿರವೇ, ಹೊಂದಿಸಬಲ್ಲಷ್ಟು ಅಡ್ವಾನ್ಸಿಗೆ ಒಂದು ಸೂರು ಸಿಗುತ್ತದೆ. ಇದನ್ನು ಬರೀ ನಕ್ಷೆ ಉಲ್ಲಂಘನೆ ಎಂದು ನೋಡುವುದು ಅನ್ಯಾಯ. ನಗರ ತನ್ನ ದುಡಿಯುವ ಜನರಿಗೆ ಒದಗಿಸದೇ ಹೋದ ಮನೆಗಳು ಇವು.

ಆದರೆ ಕಾರ್ ಶೆಡ್ಡನ್ನು ಯಾರೂ ಮಲಗುವುದಕ್ಕೆಂದು ಕಟ್ಟಿಸಿರುವುದಿಲ್ಲ. ಬೆಂಗಳೂರಿನ ಮನೆಗಳಲ್ಲಿ ನೀರಿನ ಸಂಪು ಹೆಚ್ಚಾಗಿ ಅದರ ನೆಲದಡಿಯಲ್ಲೇ ಇರುತ್ತದೆ, ಕರೆಂಟಿನ ಮೀಟರ್ ಬೋರ್ಡು ಅದರ ಗೋಡೆಯ ಮೇಲೆ. ನೆಲ ಮನೆಯ ಮಟ್ಟಕ್ಕಿಂತ ತಗ್ಗು. ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಬಿದ್ದಂತೆಲ್ಲ ಹಳೆಯ ಶೆಡ್ಡುಗಳು ರಸ್ತೆಗಿಂತಲೂ ಕೆಳಗಾಗಿವೆ. ಜೋರು ಮಳೆ ಬಂದರೆ ನೀರು ಮೊದಲು ನುಗ್ಗುವುದು ಅಲ್ಲಿಗೇ. ಎಷ್ಟೋ ಕಡೆ ಕಿಟಕಿಯಿಲ್ಲ, ಇರುವುದು ಒಂದೇ ಬಾಗಿಲು, ಅದರ ಪಕ್ಕದಲ್ಲೇ ಗ್ಯಾಸ್ ಒಲೆ. ರಾತ್ರಿ ಬೆಂಕಿ ಹೊತ್ತಿಕೊಂಡರೆ ಒಳಗಿನವರಿಗೆ ಹೊರಬರುವ ದಾರಿಯೇ ಇರುವುದಿಲ್ಲ. ವಾಸದ ಕೋಣೆ ಕನಿಷ್ಠ 9.5 ಚದರ ಮೀಟರ್ ವಿಸ್ತೀರ್ಣ, 2.75 ಮೀಟರ್ ಎತ್ತರ ಇರಬೇಕು ಎನ್ನುತ್ತದೆ ರಾಷ್ಟ್ರೀಯ ಕಟ್ಟಡ ಸಂಹಿತೆ, ಗ್ಯಾರೇಜಿಗೆ 2.4 ಮೀಟರ್ ಎತ್ತರವೇ ಸಾಕು. ಕಾರು ಹಿಡಿಸುವ ಜಾಗ ವಿಸ್ತೀರ್ಣದ ಲೆಕ್ಕದಲ್ಲಿ ಪಾಸಾಗುತ್ತದೆ. ಸೋಲುವುದು ಎತ್ತರದಲ್ಲಿ, ಗಾಳಿಯಲ್ಲಿ, ಬೆಳಕಿನಲ್ಲಿ.

ಕಾಗದದಲ್ಲಿ ಒಂದು, ನೆಲದ ಮೇಲೆ ಇನ್ನೊಂದು ಆದಾಗ ಏನಾಗುತ್ತದೆ ಎಂಬುದನ್ನು 2024ರ ಜುಲೈ 27ರಂದು ದೆಹಲಿಯ ಓಲ್ಡ್ ರಾಜಿಂದರ್ ನಗರ ತೋರಿಸಿತು. ಪಾರ್ಕಿಂಗ್ ಮತ್ತು ಸಾಮಾನು ದಾಸ್ತಾನಿಗಷ್ಟೇ ಅನುಮತಿ ಇದ್ದ ನೆಲಮಾಳಿಗೆಯಲ್ಲಿ ಕೋಚಿಂಗ್ ಕೇಂದ್ರದ ಗ್ರಂಥಾಲಯ ನಡೆಯುತ್ತಿತ್ತು. ಮಳೆನೀರು ನುಗ್ಗಿ ಮೂವರು ಯುಪಿಎಸ್‌ಸಿ ಆಕಾಂಕ್ಷಿಗಳು ಸತ್ತರು.

ಹಾಗಾದರೆ ಇಂಥ ಕೋಣೆಗಳನ್ನೆಲ್ಲ ಒಡೆದು ಹಾಕಬೇಕೆ? ಲಾಸ್ ಏಂಜಲೀಸ್ ಕೌಂಟಿಯ ಅನುಭವ ಬೇರೆಯದನ್ನೇ ಹೇಳುತ್ತದೆ. ಅಲ್ಲಿ ಸುಮಾರು 42,000 ಗ್ಯಾರೇಜುಗಳಲ್ಲಿ ಹತ್ತಿರಹತ್ತಿರ 2 ಲಕ್ಷ ಜನ ಬದುಕುತ್ತಿದ್ದಾರೆ ಎಂದು 1987ರಲ್ಲೇ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆ ಅಂದಾಜು ಮಾಡಿತ್ತು. ಅದು ಕಾನೂನುಬಾಹಿರವಾಗಿಯೇ ಇತ್ತು, ಆದರೂ ನಿಲ್ಲಲಿಲ್ಲ. ಕೊನೆಗೆ ಕ್ಯಾಲಿಫೋರ್ನಿಯಾ ರಾಜ್ಯ 2016ರಿಂದ ಒಂದರ ಹಿಂದೊಂದು ಕಾನೂನು ತಂದು ಗ್ಯಾರೇಜನ್ನು ಮನೆಯಾಗಿಸಲು ದಾರಿ ಮಾಡಿಕೊಟ್ಟಿತು. 2020ರಿಂದ ಅರ್ಜಿಯನ್ನು 60 ದಿನಗಳಲ್ಲಿ ತೀರ್ಮಾನಿಸಬೇಕು. ಕಳೆದುಹೋದ ಪಾರ್ಕಿಂಗಿಗೆ ಬದಲಿ ಜಾಗ ತೋರಿಸು ಎಂದು ನಗರಾಡಳಿತ ಕೇಳುವಂತಿಲ್ಲ. ಆದರೆ ಮಲಗುವ ಕೋಣೆಯಿಂದ ತುರ್ತಿನಲ್ಲಿ ಹೊರಬೀಳಲು ಕಿಟಕಿ ಅಥವಾ ಬಾಗಿಲು, ಹೊಗೆ ಅಲಾರಂ, ತೇವ ಏರದ ನೆಲ ಇವುಗಳಲ್ಲಿ ರಿಯಾಯಿತಿ ಇಲ್ಲ. ಕಾರಿನ ವಿಷಯದಲ್ಲಿ ಸಡಿಲ, ಜೀವದ ವಿಷಯದಲ್ಲಿ ಬಿಗಿ. ಈ ಕ್ರಮವೇ ನ್ಯಾಯವಾದದ್ದು.

ನಮ್ಮ ರಾಜ್ಯದ ಅಕ್ರಮ-ಸಕ್ರಮ ಯೋಜನೆಯಲ್ಲಿ ಈ ಕ್ರಮವೇ ತಿರುಗುಮುರುಗಾಗಿತ್ತು. ವಾಸದ ಕಟ್ಟಡಕ್ಕೆ ಶೇ 50, ಇತರ ಕಟ್ಟಡಕ್ಕೆ ಶೇ 25ರವರೆಗಿನ ಉಲ್ಲಂಘನೆಗೆ ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವುದು ಅದರ ತಿರುಳು. ಕೋಣೆಯೊಳಗೆ ಮಲಗಿದವರು ಉಸಿರಾಡಬಲ್ಲರೇ ಎಂಬುದು ಆ ಲೆಕ್ಕದ ಕೇಂದ್ರದಲ್ಲಿ ಇರಲೇ ಇಲ್ಲ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. (ಅಪಾರ್ಟ್‌ಮೆಂಟುಗಳ ಮಾತು ಬೇರೆ. ಅಲ್ಲಿ ಕಂಬಗಳ ನಡುವಿನ ತೆರೆದ ನೆಲಮಟ್ಟದ ಸ್ಟಿಲ್ಟ್ ಪಾರ್ಕಿಂಗ್ ಬಿಲ್ಡರು ಬಿಡಿಬಿಡಿಯಾಗಿ ಮಾರಬಹುದಾದ ಸ್ವತ್ತಲ್ಲ ಎಂದು ಅದೇ ನ್ಯಾಯಾಲಯ 2010ರಲ್ಲಿ ಹೇಳಿದೆ. ಎಲ್ಲರ ಜಾಗವನ್ನು ಒಬ್ಬರು ಕೋಣೆ ಮಾಡಿಕೊಳ್ಳುವುದನ್ನು ಒಪ್ಪಲಾಗದು.)

ಶೆಡ್ಡು ಕೋಣೆಯಾದರೆ ಕಾರು ಬೀದಿಗೆ ಬರುತ್ತದೆ ಎಂಬ ಆಕ್ಷೇಪ ಸುಳ್ಳಲ್ಲ. ಆದರೆ ಶೆಡ್ಡು ಖಾಲಿಯಿರುವ ಮನೆಗಳ ಕಾರುಗಳೂ ಇಂದು ಬೀದಿಯಲ್ಲೇ ನಿಂತಿವೆ. ಅದಕ್ಕೆ ಮದ್ದು ರಸ್ತೆ ಪಾರ್ಕಿಂಗಿಗೆ ಶುಲ್ಕ, ಬಾಡಿಗೆದಾರರನ್ನು ಹೊರಹಾಕುವುದಲ್ಲ. ಕಾರೇ ಇಲ್ಲದ ಸಣ್ಣ ನಿವೇಶನದ ಮಾಲೀಕರು ನಕ್ಷೆಗಾಗಿ ಕಾರಿನ ಜಾಗ ತೋರಿಸಬೇಕಾದ ಒತ್ತಾಯವೂ ತಪ್ಪಬೇಕು. ಬೆಂಗಳೂರಿನ ಐದು ಹೊಸ ನಗರ ಪಾಲಿಕೆಗಳು ಇಂಥ ಕೋಣೆಗಳಿಗೆ ಸರಳ ಅನುಮತಿ ಪದ್ಧತಿ ತರಲಿ. ಎಂಜಿನಿಯರ್ ಬಂದು ನೋಡಲಿ, ಗಾಳಿ, ಬೆಳಕು, ಎರಡನೇ ದಾರಿ, ನೀರು ನುಗ್ಗದ ನೆಲ ಇದ್ದರೆ ಸಕ್ರಮ ಮಾಡಲಿ. ಇಲ್ಲದಿದ್ದರೆ ಸರಿಪಡಿಸಲು ಗಡುವು ಕೊಡಲಿ. ತಗ್ಗು ಪ್ರದೇಶದ ನೆಲಮಾಳಿಗೆಗಳಿಗೆ ಮಾತ್ರ ಯಾವ ವಿನಾಯಿತಿಯೂ ಬೇಡ.

ಮಾಲೀಕರು ಆ ಅನುಮತಿ ಪದ್ಧತಿಗಾಗಿ ಕಾಯಬೇಕಿಲ್ಲ. ಮುಂದಿನ ಮಳೆಗಾಲಕ್ಕೆ ಮುಂಚೆಯೇ ಮೀಟರ್ ಬೋರ್ಡನ್ನು ಕೋಣೆಯಿಂದ ಹೊರಗೆ ಹಾಕಿಸಿ, ಸಂಪಿನ ಮುಚ್ಚಳ ಭದ್ರಪಡಿಸಿ, ಹಿಂದಿನ ಗೋಡೆಯಲ್ಲಿ ಒಬ್ಬರು ತೂರಿ ಹೊರಬರಬಲ್ಲಷ್ಟು ಅಗಲದ ಕಿಟಕಿ ಇಡಿಸಿ.