ಮನೆಗೆ ಬೀಗ ಹಾಕುವ ಮುನ್ನ ನೀರಿಗೊಂದು ಬೀಗ

"ಶೀತದೇಶಗಳಲ್ಲಿ ಚಳಿಗಾಲದಲ್ಲಿ ನೀರಿನ ಕೊಳವೆಗಳು ಒಡೆಯುತ್ತವೆ, ಏಕೆ?" ಪ್ರೌಢಶಾಲೆಯಲ್ಲಿ ವಿಜ್ಞಾನ ಓದಿದವರಿಗೆ ಈ ಪ್ರಶ್ನೆ ಹೊಸದೇನಲ್ಲ. ನೀರು 4 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ತಣಿದಂತೆ ಕುಗ್ಗುವ ಬದಲು ಹಿಗ್ಗುತ್ತದೆ, ಮಂಜುಗಡ್ಡೆಯಾಗುವಾಗ ಅದರ ಗಾತ್ರ ಶೇಕಡ 9ರಷ್ಟು ಹೆಚ್ಚುತ್ತದೆ ಎಂದು ಬರೆದರೆ ಎರಡಂಕ ಖಚಿತ. ನಾನು ವೃತ್ತಿಯಲ್ಲಿದ್ದಷ್ಟು ಕಾಲವೂ ಈ ಪಾಠವನ್ನು ಮಾಡಿದ್ದೇನೆ. ವಾರಕ್ಕೆರಡು ಸಲ ನಲ್ಲಿಯಲ್ಲಿ ನೀರು ಬಂದರೆ ಹಬ್ಬವೆನ್ನುತ್ತಿದ್ದ ನಮ್ಮೂರ ಮಕ್ಕಳಿಗೆ, ನಲ್ಲಿಯ ನೀರು ಕಲ್ಲಾಗುವ ಊರುಗಳೂ ಇವೆ ಎಂಬ ಮಾತು ಕೇಳಿ ನಗು ಬರುತ್ತಿತ್ತು.

ಹಾಗೆ ನಕ್ಕವರಲ್ಲಿ ಹಲವರು ಇಂದು ಮಿನ್ನೆಸೋಟ, ಮಿಷಿಗನ್, ಟೊರಾಂಟೊ, ಡಾಲಸ್ ಮುಂತಾದೆಡೆ ಸ್ವಂತ ಮನೆ ಮಾಡಿಕೊಂಡಿದ್ದಾರೆ. ನನ್ನ ಮಗನೂ ಮಿನಿಯಾಪೊಲಿಸ್ ಸಮೀಪ ನೆಲೆಸಿರುವುದರಿಂದ ನಾನೂ ನನ್ನ ಶ್ರೀಮತಿಯೂ ಅಲ್ಲಿ ಎರಡು ಚಳಿಗಾಲಗಳನ್ನು ಕಳೆದಿದ್ದೇವೆ. ಅಲ್ಲಿ ಕಂಡು ಕೇಳಿದ್ದರಿಂದ ನನ್ನಲ್ಲಿ ಒಂದು ಅಭಿಪ್ರಾಯ ಗಟ್ಟಿಯಾಗಿದೆ. ಕೊಳವೆ ಒಡೆಯುವುದಕ್ಕೆ ಚಳಿ ಕಾರಣವಿರಬಹುದು. ಆದರೆ ಅದರಿಂದ ಮನೆಯೇ ಹಾಳಾಗುವುದಕ್ಕೆ ಬಹುಪಾಲು ಕಾರಣ, ತನ್ನ ಮನೆಗೆ ನೀರು ಎಲ್ಲಿಂದ ಬರುತ್ತದೆ, ಅದನ್ನು ಎಲ್ಲಿ ನಿಲ್ಲಿಸಬೇಕು ಎಂಬುದು ಮನೆಯ ಯಜಮಾನನಿಗೇ ತಿಳಿಯದಿರುವುದು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆಯಲ್ಲಿ ನಡೆದ ಸಂಗತಿಯಿದು. ತಂಗಿಯ ಮದುವೆಗೆಂದು ಡಿಸೆಂಬರಿನಲ್ಲಿ ಸಂಸಾರಸಮೇತ ಊರಿಗೆ ಬಂದಿದ್ದ. ಹೊರಡುವಾಗ ಬಾಗಿಲು, ಕಿಟಕಿ, ಗ್ಯಾರೇಜು ಎಲ್ಲಕ್ಕೂ ಬೀಗ ಹಾಕಿ, ಖರ್ಚು ಉಳಿಯಲೆಂದು ಮನೆ ಬೆಚ್ಚಗಿಡುವ ಯಂತ್ರವನ್ನು ಬಹಳ ಕೆಳಗಿಳಿಸಿದ್ದನಂತೆ. ಇತ್ತ ಮದುವೆಯ ಊಟ ನಡೆಯುತ್ತಿದ್ದಾಗ ಅತ್ತ ಸ್ನಾನದ ಕೋಣೆಯ ಹೊರಗೋಡೆಯೊಳಗೆ ಕೊಳವೆ ಸೀಳಿತ್ತು. ಪಕ್ಕದ ಮನೆಯವರ ಕಣ್ಣಿಗೆ ಬೀಳುವ ಹೊತ್ತಿಗೆ ನೀರು ಎಷ್ಟು ದಿನ ಹರಿದಿತ್ತೋ ಬಲ್ಲವರಿಲ್ಲ. ಮರದ ನೆಲವೆಲ್ಲ ಉಬ್ಬಿ, ಗೋಡೆಯ ಹಲಗೆಗಳು ನೆನೆದು ಕುಸಿದು, ಬೂಷ್ಟು ಹಿಡಿದಿತ್ತು. ಅವನ ತಾಯಿ ಬರೆದಿಟ್ಟಿದ್ದ ಹಾಡಿನ ಪುಸ್ತಕಗಳು ಮುದ್ದೆಯಾಗಿದ್ದವು. ನೆಲಕ್ಕೂ ಗೋಡೆಗೂ ವಿಮೆಯ ಹಣ ಅಷ್ಟಿಷ್ಟು ಬಂದಿತು. ಆ ಪುಸ್ತಕಗಳಿಗೆ ಯಾರು ಬೆಲೆ ಕಟ್ಟಿಯಾರು?

ಮುಂದಿನ ವರ್ಷ ಅವನನ್ನು ಕಂಡಾಗ, "ಮೇನ್ ವಾಲ್ವ್ ಎಲ್ಲಿದೆಯಪ್ಪ?" ಎಂದು ಕೇಳಿದೆ. "ಅದಕ್ಕೆಲ್ಲ ಪ್ಲಂಬರ್ ಇದ್ದಾನಲ್ಲ ಮೇಷ್ಟ್ರೇ" ಎಂದ. "ಪ್ಲಂಬರ್ ಬರುವ ತನಕ ನೀರು ಕಾಯುತ್ತದೆಯೇನಪ್ಪ?" ಎಂದೆ. ಇಬ್ಬರೂ ಬೇಸ್‌ಮೆಂಟಿಗೆ ಇಳಿದು ಹುಡುಕಿದೆವು. ರಟ್ಟಿನ ಪೆಟ್ಟಿಗೆಗಳ ಹಿಂದೆ, ನೀರಿನ ಮೀಟರಿನ ಪಕ್ಕದಲ್ಲಿ, ಅಂಗೈಯಗಲದ ಒಂದು ಹಿಡಿ. ಕಾಲು ಸುತ್ತು ತಿರುಗಿಸಿದರೆ ಇಡೀ ಮನೆಯ ನೀರು ನಿಲ್ಲುತ್ತದೆ. ಅದನ್ನು ಅವನು ಅಂದೇ ಮೊದಲ ಬಾರಿಗೆ ನೋಡಿದ್ದು.

ಕೊಳವೆ ಒಡೆಯುವ ಬಗೆಯನ್ನು ಅರಿತರೆ ಈ ಹಿಡಿಯ ಮಹತ್ವ ತಿಳಿಯುತ್ತದೆ. ಪಠ್ಯದ ಉತ್ತರ ಸರಿಯೇ, ಆದರೆ ಸಂಕ್ಷಿಪ್ತ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಕಟ್ಟಡ ಸಂಶೋಧಕರು 1990ರ ದಶಕದಲ್ಲಿ ಇದನ್ನು ಪ್ರಯೋಗಗಳಿಂದ ತೋರಿಸಿದರು. ಗಡ್ಡೆ ಕಟ್ಟಿದ ಜಾಗದಲ್ಲೇ ಕೊಳವೆ ಒಡೆಯಬೇಕೆಂದಿಲ್ಲ. ಒಂದೆಡೆ ಗಡ್ಡೆ ಬೆಳೆದು ದಾರಿ ಮುಚ್ಚಿತೆಂದರೆ, ಆ ಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವಿನ ನೀರು ಸೆರೆಯಾಗುತ್ತದೆ. ಗಡ್ಡೆ ಬೆಳೆದಂತೆ ಪಿಚಕಾರಿಯ ದಂಡದ ಹಾಗೆ ಆ ನೀರನ್ನು ಒತ್ತುತ್ತದೆ. ಒತ್ತಡ ಏರಿ ಏರಿ ತಾಮ್ರದ ಕೊಳವೆಯೂ ಮೀನಿನ ಬಾಯಿಯಂತೆ ಸೀಳುತ್ತದೆ. ಸೀಳಿದರೂ ಗಡ್ಡೆ ಬಿರಡೆಯಂತೆ ತಡೆದಿರುವ ತನಕ ನೀರು ಹೊರಬಾರದು. ಚಳಿ ಇಳಿದು ಗಡ್ಡೆ ಕರಗಿದಾಗಲೇ ಅನಾಹುತ ಬೆಳಕಿಗೆ ಬರುವುದು. ಹೊರಗೆ ಬಿಸಿಲು ಬಂತೆಂದು ನಿಟ್ಟುಸಿರು ಬಿಡುವ ದಿನವೇ ಎಚ್ಚರದ ದಿನ.

ಶಾಖ ತಲುಪದ ಅಟ್ಟದಲ್ಲಿ, ಹೊದಿಕೆಯಿಲ್ಲದ ಕೊಳವೆಗಳಿಗೆ, ಹೊರಗಿನ ತಾಪ ಸುಮಾರು ಸೊನ್ನೆಗಿಂತ 7 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದಾಗ ಅಪಾಯ ಆರಂಭವೆಂದು ಅವರು ಕಂಡುಕೊಂಡರು. ಹಾಗಾದರೆ ಕಡುಚಳಿಯ ನಾಡಿಗಿಂತ ಮೆಲುಚಳಿಯ ನಾಡೇ ಹೆಚ್ಚು ಅಪಾಯದಲ್ಲಿದೆಯೆಂದರೆ ನೀವು ನಂಬುವಿರಾ? ಮಿನ್ನೆಸೋಟದ ಕಟ್ಟಡ ನಿಯಮದಂತೆ ಮನೆಯ ಅಡಿಪಾಯವು ದಕ್ಷಿಣ ಭಾಗದಲ್ಲಿ 42 ಅಂಗುಲ, ಉತ್ತರ ಭಾಗದಲ್ಲಿ 60 ಅಂಗುಲ ಆಳಕ್ಕೆ ಹೋಗಬೇಕು. ನೆಲ ಅಷ್ಟು ಆಳದವರೆಗೆ ಹೆಪ್ಪುಗಟ್ಟೀತೆಂಬ ಅರಿವು ಅಲ್ಲಿನ ಕಾನೂನಿಗಿದೆ. ಟೆಕ್ಸಾಸಿನಲ್ಲಾದರೋ ಎಷ್ಟೋ ಮನೆಗಳ ನೀರಿನ ಕೊಳವೆಗಳು ಅಟ್ಟದ ಮೇಲೆಯೇ ಹಾದುಹೋಗುತ್ತವೆ. 2021ರ ಫೆಬ್ರವರಿಯಲ್ಲಿ ಡಾಲಸ್ ಪ್ರದೇಶದ ತಾಪ ಸೊನ್ನೆಗಿಂತ 19 ಡಿಗ್ರಿಯಷ್ಟು ಕೆಳಗಿಳಿದು, ವಿದ್ಯುತ್ತೂ ಕಡಿದುಹೋದಾಗ ಲೆಕ್ಕವಿಲ್ಲದಷ್ಟು ಮನೆಗಳಲ್ಲಿ ಸೂರಿನಿಂದ ನೀರು ಸುರಿಯಿತು. ಆ ರಾಜ್ಯದ ಆರೋಗ್ಯ ಇಲಾಖೆ ಲೆಕ್ಕ ಹಾಕಿದಂತೆ ಆ ಚಳಿಗಾಳಿಯ ಹಾವಳಿಯಲ್ಲಿ ಸತ್ತವರು 246 ಮಂದಿ.

ಆ ವಾರದ ಒಂದು ಪಾಠ ನನಗೆ ಮುಖ್ಯವಾಗಿ ಕಾಣುತ್ತದೆ. ಕಡುಚಳಿಯ ರಾತ್ರಿ ನಲ್ಲಿಯನ್ನು ತೊಟ್ಟಿಕ್ಕಲು ಬಿಡಬೇಕೆಂಬುದು ಹಳೆಯ ಉಪಾಯ. ಸೆರೆಯಾದ ನೀರಿನ ಒತ್ತಡ ಇಳಿಯುವುದರಿಂದ ಅದು ಫಲಕಾರಿಯೂ ಹೌದು. ಆದರೆ ಊರಿನವರೆಲ್ಲ ಏಕಕಾಲಕ್ಕೆ ನಲ್ಲಿ ಬಿಟ್ಟರೆ? ಹ್ಯೂಸ್ಟನ್ನಿನಲ್ಲಿ ಸರಬರಾಜಿನ ಒತ್ತಡವೇ ಕುಸಿದು, ನಲ್ಲಿಗಳನ್ನು ಹಾಗೆ ಬಿಡಬೇಡಿರೆಂದು ನಗರಾಡಳಿತವೇ ಜನರನ್ನು ಕೇಳಿಕೊಳ್ಳಬೇಕಾಯಿತು. ತೊಟ್ಟಿಕ್ಕುವ ನಲ್ಲಿ ಒಂದು ರಾತ್ರಿಯ ಉಪಾಯ. ಮೇನ್ ವಾಲ್ವ್ ಮುಚ್ಚಿ ಕೊಳವೆಗಳನ್ನು ಬರಿದು ಮಾಡುವ ವಿದ್ಯೆಯಾದರೋ ಎಂದಿಗೂ ಕೈಬಿಡದು.

ಹಾಗಾದರೆ ಮಾಡಬೇಕಾದುದೇನು? ಚಳಿ ಬರುವ ಮುನ್ನ ತೋಟದ ನಲ್ಲಿಯಿಂದ ರಬ್ಬರ್ ಪೈಪನ್ನು ಕಳಚಿಡಬೇಕು. ಅಲ್ಲಿನ ಹೊರನಲ್ಲಿಗಳಲ್ಲಿ ಹಲವಕ್ಕೆ ನೀರು ತಡೆಯುವ ಭಾಗ ಗೋಡೆಯ ಒಳಗೆ, ಬೆಚ್ಚಗಿನ ಕಡೆ ಇರುತ್ತದೆ. ಪೈಪು ಸಿಕ್ಕಿಸಿಯೇ ಇದ್ದರೆ ನೀರು ಹೊರಹೋಗದೆ ಅಂಥ ನಲ್ಲಿಯೂ ಒಡೆಯುತ್ತದೆ. ಅಟ್ಟ, ಗ್ಯಾರೇಜು, ಹೊರಗೋಡೆಗಳಲ್ಲಿ ಹಾಯುವ ಕೊಳವೆಗಳಿಗೆ ಹೊದಿಕೆ ತೊಡಿಸಬೇಕು. ಗೋಡೆಯ ಬಿರುಕುಗಳಿಂದ ನುಗ್ಗುವ ಗಾಳಿಯನ್ನು ತಡೆಯಬೇಕು. ಹೊದಿಕೆ ಶಾಖವನ್ನು ಹುಟ್ಟಿಸದು, ಇದ್ದ ಶಾಖ ಹೋಗುವುದನ್ನು ನಿಧಾನಗೊಳಿಸುತ್ತದೆ ಅಷ್ಟೇ. ದಿನಗಟ್ಟಲೆ ಚಳಿಗೆ ಅದೊಂದೇ ಸಾಲದು. ಕಡುಚಳಿಯ ರಾತ್ರಿ ತೊಟ್ಟಿಯ ಕೆಳಗಿನ ಕಪಾಟಿನ ಬಾಗಿಲು ತೆರೆದಿಟ್ಟರೆ ಕೋಣೆಯ ಬಿಸಿ ಕೊಳವೆಗೂ ತಾಗುತ್ತದೆ. ಊರಿಗೆ ಹೊರಟವರು ಮನೆಯ ತಾಪವನ್ನು 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಸದೆ, ಮೇನ್ ವಾಲ್ವ್ ಮುಚ್ಚಿ, ನಲ್ಲಿಗಳನ್ನೆಲ್ಲ ತೆರೆದು ನೀರನ್ನು ಬಸಿಯಬೇಕು. ನೀರು ಕಾಯಿಸುವ ಯಂತ್ರ ಖಾಲಿಯಾಗಿ ಉರಿಯದಂತೆ ಅದನ್ನೂ ಆರಿಸಬೇಕು. ಬಿಸಿನೀರು ಹರಿಸಿ ಮನೆ ಬೆಚ್ಚಗಿಡುವ ವ್ಯವಸ್ಥೆಯೋ ಬೆಂಕಿ ನಂದಿಸುವ ನೀರಿನ ವ್ಯವಸ್ಥೆಯೋ ಇರುವವರು ಮೊದಲು ಬಲ್ಲವರನ್ನು ಕೇಳುವುದು ಒಳ್ಳೆಯದು.

ನಲ್ಲಿ ತಿರುಗಿಸಿದರೂ ನೀರು ಬಾರದಿದ್ದರೆ ಗಾಬರಿ ಬೇಡ. ನಲ್ಲಿಯನ್ನು ತೆರೆದೇ ಇಟ್ಟು, ನಲ್ಲಿಯ ಕಡೆಯಿಂದ ಆರಂಭಿಸಿ ಗಡ್ಡೆಯ ಕಡೆಗೆ, ಹೇರ್ ಡ್ರೈಯರಿನಿಂದಲೋ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದಲೋ ಮೆಲ್ಲಗೆ ಕಾಯಿಸುತ್ತ ಹೋಗಬೇಕು. ಕರಗಿದ ನೀರಿಗೆ ಹೊರದಾರಿ ಇರಬೇಕಷ್ಟೆ. ಉರಿಯುವ ಜ್ವಾಲೆಯನ್ನು ಹತ್ತಿರ ತರಲೇಬಾರದು. ಇದು ಅಮೆರಿಕದ ಮಾತಷ್ಟೇ ಅಲ್ಲ. ನಮ್ಮ ಶ್ರೀನಗರದಲ್ಲಿ ಡಿಸೆಂಬರ್ 21ರಿಂದ ನಲವತ್ತು ದಿನ ಚಿಲ್ಲಾಯ್ ಕಲಾನ್ ಎಂಬ ಕಡುಚಳಿಯ ಕಾಲ. 2024ರಲ್ಲಿ ಅದು ಕಾಲಿಟ್ಟ ರಾತ್ರಿಯೇ ತಾಪ ಸೊನ್ನೆಗಿಂತ 8.5 ಡಿಗ್ರಿ ಕೆಳಗಿಳಿದು ಕೊಳವೆಗಳು ಹೆಪ್ಪುಗಟ್ಟಿದವು. ಕೊಳವೆಯ ಕೆಳಗೆ ಕಾಗದ, ಪುಳ್ಳೆ ಉರಿಸಿ ಕರಗಿಸುವವರ ಚಿತ್ರಗಳು ಪತ್ರಿಕೆಗಳಲ್ಲಿ ಆಗಾಗ ಬರುತ್ತವೆ. ನೀರಿಲ್ಲದವರ ಕಷ್ಟ ಅರ್ಥವಾಗುತ್ತದೆ. ಆದರೆ ಮರದ ಮನೆಯಲ್ಲಿ ಹೀಗೆ ಮಾಡಿದರೆ ನೀರಿನ ತಾಪತ್ರಯ ಬೆಂಕಿಯ ತಾಪತ್ರಯವಾದೀತು.

ಕೊಳವೆ ಸೀಳಿಯೇ ಹೋಗಿದ್ದರೆ ಮೊದಲ ಕೆಲಸ ಮೇನ್ ವಾಲ್ವ್ ಮುಚ್ಚುವುದು, ಎರಡನೆಯದು ನೀರು ತಾಗಿದ ಭಾಗದ ವಿದ್ಯುತ್ತನ್ನು ತಪ್ಪಿಸುವುದು. ನೀರು ನಿಂತ ನೆಲದ ಮೇಲೆ ಕಾಲಿಟ್ಟೇ ವಿದ್ಯುತ್ ಪೆಟ್ಟಿಗೆಯನ್ನು ಮುಟ್ಟಬೇಕಾದ ಸ್ಥಿತಿಯಿದ್ದರೆ ಮುಟ್ಟದೆ ಹೊರಗೆ ಬರುವುದೇ ಲೇಸು. ಸೀಳಿನ ಮೇಲೆ ರಬ್ಬರ್ ಸುತ್ತಿ ಕ್ಲಾಂಪ್ ಬಿಗಿದರೆ ಪ್ಲಂಬರ್ ಬರುವ ತನಕ ತಡೆದೀತು. ನಿಜವಾದ ದುರಸ್ತಿಯೆಂದರೆ ಕೆಟ್ಟ ಭಾಗವನ್ನು ಕತ್ತರಿಸಿ ಹೊಸ ತುಂಡನ್ನು ಜೋಡಿಸುವುದು. ಹೊಸ ಮನೆಗಳ ಪೆಕ್ಸ್ ಎಂಬ ಪ್ಲಾಸ್ಟಿಕ್ ಕೊಳವೆ ಸ್ವಲ್ಪ ಹಿಗ್ಗಿಕೊಟ್ಟು ಬದುಕಿಕೊಳ್ಳುತ್ತದಾದರೂ ಅದೂ ಎಂದಿಗೂ ಒಡೆಯದೆಂದು ನಿಶ್ಚಿಂತೆಯಿಂದಿರುವಂತಿಲ್ಲ.

ಇವೆಲ್ಲವನ್ನೂ ಬಾಡಿಗೆಗೆ ಕೊಟ್ಟವರು, ಮನೆ ಕಟ್ಟಿದವರು, ವಿಮೆಯವರು ನೋಡಿಕೊಳ್ಳಲಿ ಎನ್ನುವವರಿದ್ದಾರೆ. ಕಟ್ಟುವವರ ಹೊಣೆ ಇದ್ದೇ ಇದೆ. ಟೆಕ್ಸಾಸಿನ ಅಟ್ಟದ ಕೊಳವೆಗಳಿಗೆ ಬಡಪಾಯಿ ನಿವಾಸಿ ಹೊಣೆಯಲ್ಲ. ಆದರೆ ನಡುರಾತ್ರಿ ಸೂರಿನಿಂದ ನೀರು ಸುರಿಯುವಾಗ ಅಲ್ಲಿರುವವರು ಮನೆಯವರೇ ಹೊರತು ಬೇರಾರೂ ಅಲ್ಲ. ನನಗೆ ನೋವಾಗುವುದು ಇನ್ನೊಂದು ಕಾರಣಕ್ಕೆ. ಓದಿದವನು ಕೈಗೆ ಮಣ್ಣು, ಎಣ್ಣೆ ತಾಗಿಸಿಕೊಳ್ಳಬಾರದು, ಕೊಳವೆ ಮುಟ್ಟುವುದು ಇನ್ನೊಬ್ಬರ ಕಸುಬು ಎಂಬ ಹಳೆಯ ಭಾವನೆಯನ್ನು ನಮ್ಮವರು ಸಮುದ್ರದಾಚೆಗೂ ಹೊತ್ತೊಯ್ದಿದ್ದಾರೆ. ನನ್ನ ಮಗನ ನೆರೆಯಲ್ಲಿ ಒಬ್ಬ ವೃದ್ಧ ವಿಧವೆ ಇದ್ದಾರೆ. ಪ್ರತಿ ಅಕ್ಟೋಬರಿನಲ್ಲಿ ತಾವೇ ಬೇಸ್‌ಮೆಂಟಿಗೆ ಇಳಿದು ಹೊರನಲ್ಲಿಗಳ ವಾಲ್ವ್‌ಗಳನ್ನು ಮುಚ್ಚಿ ಬರುತ್ತಾರೆ. ಅದರಲ್ಲಿ ಅವರಿಗೆ ಯಾವ ಕೀಳರಿಮೆಯೂ ಇಲ್ಲ. ಎರಡಂಕದ ಉತ್ತರವನ್ನು ಕಂಠಪಾಠ ಮಾಡಿಸಿದ ನಮ್ಮ ಶಿಕ್ಷಣ ಕ್ರಮ, ಶಾಲೆಯ ಅಂಗಳದ ನಲ್ಲಿಯ ವಾಲ್ವನ್ನು ಮಕ್ಕಳ ಕೈಯಲ್ಲಿ ಒಮ್ಮೆ ತಿರುಗಿಸಿ ನೋಡಿಸುವುದನ್ನೂ ಪಾಠವೆಂದು ಎಣಿಸಬೇಕು.

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂಬ ಗಾದೆ ನಮ್ಮಲ್ಲಿದೆ. ಚಳಿನಾಡಿನಲ್ಲಿರುವ ಮಿತ್ರರು ಇಂದೇ ಹೋಗಿ ತಮ್ಮ ಮನೆಯ ಮೇನ್ ವಾಲ್ವನ್ನು ಹುಡುಕಲಿ, ತಿರುಗಿಸಿ ನೋಡಲಿ, ಅದಕ್ಕೊಂದು ಕೆಂಪು ದಾರ ಕಟ್ಟಲಿ. ಮಕ್ಕಳಿಗೂ, ಊರಿನಿಂದ ಬಂದಿರುವ ಅಪ್ಪ ಅಮ್ಮಂದಿರಿಗೂ ತೋರಿಸಲಿ. ಮಗ, ಸೊಸೆ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿರುವವರು ನಮ್ಮಂಥ ಮುದುಕರೇ ತಾನೆ? ನಮಗೂ ಅಷ್ಟು ಮಾಡುವ ಶಕ್ತಿಯಿದೆ.