ಜೀಪಿನ ಟಯರಿಗೂ ಒಂದು ಲೆಕ್ಕ ಉಂಟು

ಮದುವೆಯ ದಿನಗಳು ಹತ್ತಿರ ಬಂದರೆ ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ಹಳೆ ಜೀಪುಗಳಿಗೆ ಭಾರಿ ಮರ್ಯಾದೆ. ವರ್ಷವಿಡೀ ಅಡಿಕೆ, ರಬ್ಬರ್, ಗೊಬ್ಬರ ಹೊತ್ತ ಜೀಪಿನ ಟರ್ಪಾಲು ಬಿಚ್ಚಿ, ತೊಳೆದು, ಹೂ ಕಟ್ಟಿ, ಮದುಮಗನನ್ನು ಕೂರಿಸುತ್ತಾರೆ. ಹೊರದೇಶದ ಶ್ರೀಮಂತರಿಗೆ ಮಾಡು ತೆರೆಯುವ ಹಳೆ ಕಾರುಗಳು ಇದ್ದ ಹಾಗೆ ನಮಗೆ ಈ ಟರ್ಪಾಲಿನ ಜೀಪು. ಅದರಲ್ಲಿ ನನಗೂ ಖುಷಿಯೇ. ನನ್ನ ತಕರಾರು ಇರುವುದು ಮೆರವಣಿಗೆಗೆಂದು ಅದಕ್ಕೆ ಹಾಕಿಸುವ ದೊಡ್ಡ ಟಯರಿನ ಬಗ್ಗೆ.

ನಮ್ಮ ಮನೆಯಲ್ಲೂ ಒಂದು ಜೀಪು ಉಂಟು. ಮಹೀಂದ್ರಾ ಎಂ.ಎಂ. 540. ಪೆಜೊ ಡೀಸೆಲ್ ಎಂಜಿನ್, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಪವರ್ ಸ್ಟೀರಿಂಗ್ ಇಲ್ಲ. ಮನೆ ಇರುವುದು ಅರಂತೋಡಿನ ಆಚೆ, ಗುಡ್ಡದ ಮೇಲೆ. ಮಳೆಗಾಲದಲ್ಲಿ ಅಕ್ಕಪಕ್ಕದ ಮಕ್ಕಳನ್ನು ಮದ್ರಸಕ್ಕೆ, ಬಸ್ಸಿನ ಹತ್ತಿರಕ್ಕೆ ಇಳಿಸುವುದು ಅದೇ. ಅಜ್ಜಿಯನ್ನು ಸುಳ್ಯದ ಆಸ್ಪತ್ರೆಗೆ ಕರೆದುಕೊಂಡು ಹೋಗುವುದೂ ಅದೇ. ಈ ವರ್ಷ ಟಯರ್ ಪೂರ್ತಿ ಸವೆದಿತ್ತು. ಮಾಮನ ಮಗನ ಮದುವೆಯೂ ಹತ್ತಿರ ಬಂದಿತ್ತು.

"ಈ ಸಪೂರ ಟಯರ್ ನೋಡಿದರೆ ಸೈಕಲಿನ ಹಾಗೆ ಕಾಣುತ್ತದೆ ಮಾರಾಯ, 31 ಹಾಕುವ" ಎಂದ ಅವನು. ಗೆಳೆಯನೊಬ್ಬನ ಹತ್ತಿರ ರಿಮ್ ಸಮೇತ ಒಂದು ಸೆಟ್ ಇತ್ತು. ಎರಡು ದಿನಕ್ಕೆಂದು ತಂದು ಹಾಕಿಯೂ ಬಿಟ್ಟ. ನೋಡಲು ಚಂದವೇ ಇತ್ತು, ಸುಳ್ಳು ಹೇಳುವುದಿಲ್ಲ. ಮರುದಿನ ಬೆಳಿಗ್ಗೆ ನಾಲ್ಕು ಚೀಲ ಅಡಿಕೆ ಹಾಕಿಕೊಂಡು ಗುಡ್ಡ ಇಳಿಯುವಾಗ ಎರಡನೆಯ ತಿರುವಿನಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಲಿಲ್ಲ. ಟಯರ್ ಒಳಗಡೆ ಲೀಫ್ ಸ್ಪ್ರಿಂಗಿಗೆ ಒರೆಸುತ್ತಿತ್ತು. ಬ್ರೇಕ್ ಒತ್ತಿದ, ಹಿಡಿಯಿತು, ಆದರೆ ದಿನಾ ನಿಲ್ಲುವ ಜಾಗ ದಾಟಿ ಹಿಡಿಯಿತು. ಎದುರಿನ ಚಕ್ರ ತೋಟದ ಅಂಚಿಗೆ ಬಂದಿತ್ತು. ನಾನು ಹಿಂದೆ ಚೀಲದ ಮೇಲೆ ಕುಳಿತಿದ್ದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಅವತ್ತು ರಾತ್ರಿ ನಾನು ಲೆಕ್ಕ ಹಾಕಲು ಕುಳಿತೆ. ಪ್ರಥಮ ಪಿಯುಸಿಯಲ್ಲಿ ಓದಿದ ಟಾರ್ಕ್ ಪಾಠ ಪರೀಕ್ಷೆಯ ಆಚೆಗೆ ನನಗೆ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ಟಯರಿನ ಮೇಲಿನ ಸಂಖ್ಯೆ ಓದುವುದು ಕಷ್ಟವಿಲ್ಲ. ಹಳೆ ಜೀಪಿನದ್ದು 6.00-16. ಅಂದರೆ ಟಯರಿನ ಅಗಲ ಸುಮಾರು ಆರು ಇಂಚು, ರಿಮ್ಮಿನ ವ್ಯಾಸ 16 ಇಂಚು. ಟಯರ್ ಸೇರಿದರೆ ಪೂರ್ತಿ ವ್ಯಾಸ ಸುಮಾರು 730 ಮಿಲಿಮೀಟರ್. ಹೊಸ ಬಗೆಯ ಟಯರಿನಲ್ಲಿ 235/75 ಆರ್ 15 ಎಂದಿದ್ದರೆ ಅಗಲ 235 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡಾ 75, ರಿಮ್ 15 ಇಂಚು. ಕೂಡಿಸಿ ನೋಡಿ, ವ್ಯಾಸ 733 ಬರುತ್ತದೆ. 2010ರಲ್ಲಿ ಬಂದ ಥಾರ್ ಸಿಆರ್‌ಡಿಇಗೆ ಕಂಪೆನಿ ಕೊಟ್ಟದ್ದು 235/70 ಆರ್ 16. ಅದರ ವ್ಯಾಸ 735. ಅಗಲ ಬದಲಾಯಿತು, ರಿಮ್ ಬದಲಾಯಿತು, ವ್ಯಾಸ ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಇದೆ. ಗೇರು, ಬ್ರೇಕು, ಸ್ಪೀಡೋಮೀಟರ್ ಎಲ್ಲ ಲೆಕ್ಕ ಇಟ್ಟುಕೊಂಡಿರುವುದು ಆ ವ್ಯಾಸದ ಜೊತೆ.

ನಮ್ಮ ಹುಡುಗರು ಹೇಳುವ "31" ಎಂದರೆ ವ್ಯಾಸವೇ 31 ಇಂಚು, 787 ಮಿಲಿಮೀಟರ್. ಹಳೆಯದಕ್ಕಿಂತ ಸುಮಾರು ಶೇಕಡಾ 8 ಹೆಚ್ಚು. ಮೀಟರು 60 ತೋರಿಸುವಾಗ ಜೀಪು 65ರ ಹತ್ತಿರ ಓಡುತ್ತಿರುತ್ತದೆ. (ಹಳೆ ಜೀಪಿನಲ್ಲಿ ಮೀಟರು ಕೆಲಸ ಮಾಡುತ್ತದಾ ಎಂದು ಕೇಳಬೇಡಿ. ನಮ್ಮದು ಮಾಡುವುದಿಲ್ಲ.) ಬ್ರೇಕಿನ ವಿಷಯ ಇನ್ನೂ ಗಂಭೀರ. ಡ್ರಮ್ ಹಿಡಿಯುವ ಟಾರ್ಕ್ ಅಷ್ಟೇ ಇದೆ, ಚಕ್ರದ ತ್ರಿಜ್ಯ ಹೆಚ್ಚಾಯಿತು. ಹಾಗಾದರೆ ನೆಲದಲ್ಲಿ ಜೀಪನ್ನು ತಡೆಯುವ ಬಲ ಸುಮಾರು ಅಷ್ಟೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. ಗುಡ್ಡ ಹತ್ತುವಾಗ ಎಂಜಿನ್ ಎಳೆಯುವ ಬಲಕ್ಕೂ ಇದೇ ಗತಿ. ಟಯರಿನ ತೂಕ ಬೇರೆ. ಇಷ್ಟೆಲ್ಲ ಕಳೆದುಕೊಂಡು ಜೀಪು ನೆಲದಿಂದ ಮೇಲೆ ಏರುವುದೆಷ್ಟು? ವ್ಯಾಸದ ವ್ಯತ್ಯಾಸದ ಅರ್ಧ. ಮೂರು ಸೆಂಟಿಮೀಟರ್ ಕೂಡ ಇಲ್ಲ.

"ಹೊಸ ಥಾರಿಗೆ ಅಷ್ಟೇ ದೊಡ್ಡದು ಉಂಟಲ್ಲ?" ಎಂದು ಮಾಮನ ಮಗ ಕೇಳಿದ. ಸರಿಯಾದ ಪ್ರಶ್ನೆ. 2020ರ ಥಾರಿನ 255/65 ಆರ್ 18 ಲೆಕ್ಕ ಹಾಕಿದರೆ 789, ಸರಿಸುಮಾರು 31 ಇಂಚೇ. ಆದರೆ ಅದರ ಡೀಸೆಲ್ ಎಂಜಿನ್ 130 ಅಶ್ವಶಕ್ತಿಯದ್ದು, ನಮ್ಮದು 62. ಅದಕ್ಕೆ ಎದುರು ಡಿಸ್ಕ್ ಬ್ರೇಕ್, ಎಬಿಎಸ್, ಪವರ್ ಸ್ಟೀರಿಂಗ್ ಎಲ್ಲ ಇದೆ. ಆ ಗಾಡಿಯ ಬೂಟನ್ನು ಮಾತ್ರ ತಂದು ನಮ್ಮ ಜೀಪಿಗೆ ಹಾಕಿದರೆ ಹೇಗೆ?

ಅಗಲ ಟಯರ್ ಕೆಸರಿಗೆ ಒಳ್ಳೆಯದು ಎಂಬ ಮಾತೂ ಇದೆ. ಪಣಂಬೂರಿನ ಮರಳಿನ ಮೇಲೆ ಓಡಿಸುವುದಾದರೆ ಒಪ್ಪುತ್ತೇನೆ, ಅಗಲ ಟಯರ್ ಮರಳಿನಲ್ಲಿ ಹೂಳದೆ ತೇಲುತ್ತದೆ. ನಮ್ಮ ಗುಡ್ಡದ ದಾರಿ ಹಾಗಲ್ಲ. ಮೇಲೆ ನಾಲ್ಕು ಬೆರಳು ಕೆಂಪು ಕೆಸರು, ಅಡಿಯಲ್ಲಿ ಗಟ್ಟಿ ಮುರಕಲ್ಲು. ಸಪೂರ ಟಯರ್ ಕೆಸರನ್ನು ಸೀಳಿ ಕಲ್ಲನ್ನು ಮುಟ್ಟುತ್ತದೆ. ಅಗಲದ್ದು ಕೆಸರಿನ ಮೇಲೆಯೇ ಜಾರುತ್ತದೆ. ಉಪ್ಪ ಇಷ್ಟು ವರ್ಷ ಆಷಾಢದ ಮಳೆಯಲ್ಲಿ ಈ ಸೈಕಲ್ ಟಯರಿನಲ್ಲೇ ಹತ್ತಿಸಿದ್ದಾರೆ.

ಹಾಗೆಂದು ಹಳೆಯ ಅಳತೆ ಬಿಟ್ಟು ಬೇರೆ ಹಾಕಲೇಬಾರದು ಎಂದು ನಾನು ಹೇಳುವುದಿಲ್ಲ. ಬೊಲೆರೊದ ರಿಮ್ ನಮ್ಮ ಜೀಪಿಗೆ ಕೂರುತ್ತದೆ, ಐದು ಬೋಲ್ಟ್, ಅದೇ ಅಂತರ. ಅದರ 215/75 ಆರ್ 15 ಟಯರ್ ಎಲ್ಲಿ ಬೇಕಾದರೂ ಸಿಗುತ್ತದೆ. ವ್ಯಾಸ 703, ಅಂದರೆ ಜೀಪು ಒಂದೂವರೆ ಸೆಂಟಿಮೀಟರಿನಷ್ಟು ತಗ್ಗುತ್ತದೆ. ಪೇಟೆಯಲ್ಲಿ ಓಡಿಸುವವರಿಗೆ ಅದು ಸಾಕು. 235 ಬೇಕೆಂದರೆ ಅದಕ್ಕೆ ತಕ್ಕ ಅಗಲದ ರಿಮ್ ಬೇಕು. ಜೀಪಿನ ಹಳೆ ರಿಮ್ ನಾಲ್ಕೂವರೆ ಇಂಚು ಅಗಲದ್ದು, ಅದರ ಮೇಲೆ ಒತ್ತಿ ಕೂರಿಸಬಾರದು. ಯಾವುದನ್ನೇ ಹಾಕಿ, ನಾಲ್ಕೂ ಒಂದೇ ಅಳತೆ ಇರಲಿ. ಹಿಂದೆ ಎರಡು ದೊಡ್ಡದು, ಎದುರು ಹಳೆಯದು ಎಂದು ಹಾಕಿ ಫೋರ್‌ವೀಲ್ ಹಾಕಿದರೆ ಹೋಗುವುದು ಗೇರ್‌ಬಾಕ್ಸು.

ಇನ್ನೊಂದು ಎಚ್ಚರಿಕೆ, ಇದು ಕಡಿಮೆಗೆ ಸಿಗುತ್ತದೆಂದು ನೋಡುವವರಿಗೆ. ಟ್ರಾಕ್ಟರಿನ ಎದುರು ಚಕ್ರಕ್ಕೂ 6.00-16 ಬರುತ್ತದೆ. ಸಂಖ್ಯೆ ಒಂದೇ, ಟಯರ್ ಒಂದೇ ಅಲ್ಲ. ಅದು ಗದ್ದೆಯಲ್ಲಿ ನಿಧಾನಕ್ಕೆ ಓಡುವುದಕ್ಕೆ ಮಾಡಿದ್ದು. ಅದನ್ನು ಹಾಕಿಕೊಂಡು ಸಂಪಾಜೆ ಘಾಟಿ ಇಳಿಯುವುದನ್ನು ಯೋಚಿಸಿದರೇ ಭಯವಾಗುತ್ತದೆ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ತಾರೀಕನ್ನೂ ನೋಡಿ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಹಲ್ಲು ಚೆನ್ನಾಗಿದ್ದರೂ ಹಳೆಯ ರಬ್ಬರ್ ಗಟ್ಟಿಯಾಗಿರುತ್ತದೆ, ರಬ್ಬರ್ ಬೆಳೆಯುವ ನಮ್ಮೂರಿನವರಿಗೆ ಇದನ್ನು ಹೇಳಬೇಕಾಗಿಲ್ಲ.

ಕಾನೂನಿನ ಬಗ್ಗೆ ಎರಡೇ ಮಾತು. ತಯಾರಕರು ಕೊಟ್ಟ ವಿವರಕ್ಕೆ ಭಿನ್ನವಾಗುವಂತೆ ವಾಹನವನ್ನು ಬದಲಾಯಿಸಬಾರದು ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. ಕೇರಳದಿಂದ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿದಿದೆ. ಕೆಎ 21ರ ನಂಬರ್ ಪ್ಲೇಟ್ ಇರುವ ಜೀಪುಗಳಿಗೂ ಅದು ಅನ್ವಯಿಸುತ್ತದೆ. ಆದರೆ ದಂಡಕ್ಕೆ ಹೆದರಿ ಈ ಲೇಖನ ಬರೆದದ್ದಲ್ಲ. ಮೆರವಣಿಗೆ ಇರುವುದು ಒಂದು ಸಂಜೆ. ಮರುದಿನದಿಂದ ಅದೇ ಜೀಪಿನಲ್ಲಿ ಮಕ್ಕಳು ಗುಡ್ಡ ಇಳಿಯಬೇಕು.

ನನ್ನ ಲೆಕ್ಕದ ಹಾಳೆಯನ್ನು ಉಪ್ಪನಿಗೆ ತೋರಿಸಿದೆ. ಅವರು ಸಂಖ್ಯೆಗಳನ್ನು ಹೆಚ್ಚು ನೋಡಲಿಲ್ಲ. "ತಿರುವಿನಲ್ಲಿ ಎಂತಾಯಿತು ಅಂತ ನನಗೆ ಹೇಳಲೇ ಇಲ್ಲವಲ್ಲ ನೀವಿಬ್ಬರು" ಎಂದರು. ಅಷ್ಟಕ್ಕೇ 31 ಇಂಚಿನ ಸೆಟ್ ಗೆಳೆಯನ ಮನೆಗೆ ವಾಪಸು ಹೋಯಿತು. ಮಾಮನ ಮಗ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಮೂರನೆಯ ದಿನ ಹಳೆ ರಿಮ್ಮುಗಳಿಗೆ ಬಿಳಿ ಬಣ್ಣ ಬಳಿಯಲು ಕರೆದ. ಬಣ್ಣ ಒಣಗಿದ ಮೇಲೆ ಸ್ವಲ್ಪ ದೂರ ನಿಂತು ನೋಡಿ, "ಮದುವೆಗೆ ಇದೂ ಆಗುತ್ತದೆ" ಎಂದ.

6.00-16 ಸ್ಥಳೀಯ ಅಂಗಡಿಯಲ್ಲಿ ಇರಲಿಲ್ಲ, ಮಂಗಳೂರಿನಿಂದ ತರಿಸುತ್ತಿದ್ದಾರೆ. ಶನಿವಾರ ಬರಬಹುದು. ತಾರೀಕಿನ ನಾಲ್ಕು ಅಂಕಿ ನೋಡಲು ನಾನೇ ಹೋಗುವವ.