ಮೊಬೈಲ್ ನೋಡಿ ಡಾವು ಕಲಿಯಬಹುದೇ?

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಸೀಮೆಯಲ್ಲಿ ಜಾತ್ರೆಯ ತೇರು ಎಳೆದ ಮೇಲೆ ಜನ ಕುಸ್ತಿ ಕಣದ ಸುತ್ತ ಸೇರುವುದು ಹಳೆಯ ರೂಢಿ. ಹಲಗೆಯ ಸದ್ದಿಗೆ ತೊಡೆ ತಟ್ಟಿ ಕಣಕ್ಕಿಳಿಯುವ ಹುಡುಗರು ಈಗ ಗರಡಿಮನೆಯ ಉಸ್ತಾದರ ಮಾತಿನ ಜೊತೆಗೆ ಮೊಬೈಲಿನಲ್ಲಿ ನೋಡಿದ್ದನ್ನೂ ತಲೆಯಲ್ಲಿಟ್ಟುಕೊಂಡು ಬರುತ್ತಾರೆ. ರಷ್ಯಾ, ಇರಾನ್, ಜಪಾನ್, ಹರಿಯಾಣದ ಪೈಲ್ವಾನರ ಪಟ್ಟುಗಳೆಲ್ಲ ಅಲ್ಲಿ ಪುಕ್ಕಟೆಯಾಗಿ ಸಿಗುತ್ತವೆ.

ದಂಡ, ಬಸ್ಕಿ ಹೊಡೆಯಲು ಈಗಷ್ಟೇ ಕಲಿಯುತ್ತಿರುವ ಚಿಕ್ಕ ಮಕ್ಕಳ ವಿಷಯ ಇದಲ್ಲ. ನಾಲ್ಕೈದು ವರ್ಷ ಸಾಮು ಮಾಡಿ, ತಾಲ್ಲೂಕು ಮಟ್ಟ ದಾಟಿ, ರಾಜ್ಯ ಮಟ್ಟದ ಮ್ಯಾಟ್ ಮೇಲೆ ಗೆಲ್ಲಬೇಕೆಂದು ಹೊರಟವರ ವಿಷಯ. ಅವರು ತಮ್ಮ ಪಟ್ಟುಗಳನ್ನು ತಿದ್ದಿ ಹರಿತಗೊಳಿಸಲು ಆನ್‌ಲೈನ್ ವಿಡಿಯೊ ಪಾಠಗಳನ್ನು ನೆಚ್ಚಬಹುದೇ? ಎರಡೂ ಕಡೆಯ ವಾದವನ್ನು ಇಲ್ಲಿ ಇಟ್ಟಿದ್ದೇನೆ. ನನ್ನ ನಿಲುವನ್ನು ಕೊನೆಗೆ ಹೇಳುತ್ತೇನೆ.

ಪರ: ಮ್ಯಾಟ್ ಕುಸ್ತಿಗೆ ವಿಡಿಯೊ ಬೇಕೇ ಬೇಕು

ಮಣ್ಣಿನ ಕುಸ್ತಿಯ ಲೆಕ್ಕ ಬೇರೆ, ಮ್ಯಾಟ್ ಕುಸ್ತಿಯ ಲೆಕ್ಕ ಬೇರೆ. ನಮ್ಮ ಜಂಗಿ ನಿಕಾಲಿ ಕುಸ್ತಿಯಲ್ಲಿ ಎದುರಾಳಿಯನ್ನು ಚಿತ್ ಮಾಡಿದವನೇ ಗೆದ್ದ. ಮ್ಯಾಟ್ ಮೇಲೆ 3 ನಿಮಿಷದ 2 ಸುತ್ತು. 9 ಮೀಟರ್ ವ್ಯಾಸದ ವೃತ್ತದಿಂದ ಕಾಲು ಹೊರಗೆ ಬಿದ್ದರೆ ಎದುರಾಳಿಗೆ 1 ಪಾಯಿಂಟ್, ಕೆಡವಿ ಹಿಡಿತ ಸಾಧಿಸಿದರೆ 2 ಪಾಯಿಂಟ್. ಫ್ರೀಸ್ಟೈಲ್‌ನಲ್ಲಿ 10 ಪಾಯಿಂಟಿನ ಅಂತರ ಬಂದರೆ ಕುಸ್ತಿ ಅಲ್ಲಿಗೇ ಮುಗಿಯುತ್ತದೆ. ಅರ್ಧ ಗಂಟೆ ಪಟ್ಟು ಬಿಡದೆ ನಿಲ್ಲಬಲ್ಲ ಪೈಲ್ವಾನ ಇಲ್ಲಿ ಮೊದಲ ನಿಮಿಷದಲ್ಲೇ ಸೋತು ಹೊರಬರಬಹುದು.

ಈ ನಿಯಮಗಳೂ ನಿಂತಲ್ಲಿ ನಿಂತಿಲ್ಲ. 2013ರ ಫೆಬ್ರವರಿಯಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಕಾರ್ಯಕಾರಿ ಮಂಡಳಿ 2020ರ ಕ್ರೀಡಾಕೂಟದಿಂದ ಕುಸ್ತಿಯನ್ನು ಕೈಬಿಡಲು ಶಿಫಾರಸು ಮಾಡಿತು. ಆ ಪೆಟ್ಟಿನಿಂದ ಎಚ್ಚೆತ್ತ ವಿಶ್ವ ಕುಸ್ತಿ ಒಕ್ಕೂಟ ಅದೇ ವರ್ಷ ನಿಯಮಗಳನ್ನು ಬದಲಿಸಿತು. ಕೆಡವಿದ್ದಕ್ಕೆ 1 ಇದ್ದ ಪಾಯಿಂಟ್ 2 ಆಯಿತು, ಸುತ್ತು ಸುತ್ತಿನ ಗೆಲುವಿನ ಬದಲು ಒಟ್ಟು ಪಾಯಿಂಟಿನ ಲೆಕ್ಕ ಬಂತು. ಸೆಪ್ಟೆಂಬರಿನಲ್ಲಿ ಕುಸ್ತಿಗೆ ಒಲಿಂಪಿಕ್ಸ್‌ನಲ್ಲಿ ಮತ್ತೆ ಜಾಗ ಸಿಕ್ಕಿತು. ಮಣ್ಣಿನಲ್ಲೇ ಬೆಳೆದು ಮಣ್ಣಿನಲ್ಲೇ ಹೆಸರು ಮಾಡಿದ ಉಸ್ತಾದರಿಗೆ ಈ ಬದಲಾವಣೆಗಳನ್ನು ಯಾರು ಬಂದು ತಿಳಿಸಿದರು? ಇಂದಿನ ಪೈಲ್ವಾನರು ಇಂದಿನ ನಿಯಮಗಳಲ್ಲಿ ಹೇಗೆ ಆಡುತ್ತಾರೆಂದು ತೋರಿಸುವುದು ವಿಶ್ವ ಚಾಂಪಿಯನ್‌ಷಿಪ್‌ನ ವಿಡಿಯೊಗಳೇ.

ಒಂಟಿ ಕಾಲಿನ ಪಟ್ಟನ್ನೇ ನೋಡಿ. ನುಗ್ಗುವಾಗ ಮುಂದಿನ ಮೊಣಕಾಲು ಎದುರಾಳಿಯ ಪಾದದ ಹತ್ತಿರಕ್ಕೆ ಹೋಗಬೇಕು. ಬೆನ್ನು ನೆಟ್ಟಗಿರಬೇಕು, ತಲೆ ಅವನ ಪಕ್ಕೆಗೆ ಒತ್ತಿರಬೇಕು, ಎರಡೂ ಕೈ ಅವನ ಮೊಣಕಾಲಿನ ಹಿಂದೆ ಬಿಗಿದಿರಬೇಕು. ತಲೆ ಕೊಂಚ ತಗ್ಗಿದರೂ ಅವನು ಮೇಲಿನಿಂದ ಕುತ್ತಿಗೆ ಅಮುಕಿ ನೆಲಕ್ಕೆ ಒತ್ತುತ್ತಾನೆ. ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ವಿಡಿಯೊದ ವೇಗವನ್ನು ಕಾಲು ಭಾಗಕ್ಕೆ ಇಳಿಸಿ ನೋಡಿದರೆ ಯಾವ ಅಂಗ ಮೊದಲು ಚಲಿಸಿತು, ಯಾವುದು ಆಮೇಲೆ ಎಂಬುದು ಬಿಡಿಬಿಡಿಯಾಗಿ ಕಾಣುತ್ತದೆ. ಗೆಳೆಯನ ಕೈಗೆ ಮೊಬೈಲ್ ಕೊಟ್ಟು ತನ್ನದೇ ಪಟ್ಟನ್ನು ಚಿತ್ರೀಕರಿಸಿಕೊಂಡು ಎರಡನ್ನೂ ಹೋಲಿಸಬಹುದು. ತನ್ನ ಬೆನ್ನು ಬಾಗಿದ್ದನ್ನು ಪೈಲ್ವಾನ ತಾನೇ ನೋಡುವುದು ಹೀಗೆ ಮಾತ್ರ ಸಾಧ್ಯ.

ನಮ್ಮ ಹಳ್ಳಿಯ ಹುಡುಗರಿಗೆ ಕಸುವಿನ ಕೊರತೆ ಇಲ್ಲ. 2020ರಲ್ಲಿ ದೆಹಲಿಯ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ 55 ಕೆ.ಜಿ. ಗ್ರೀಕೋ-ರೋಮನ್ ವಿಭಾಗದ ಕಂಚು ಗೆದ್ದ ಅರ್ಜುನ್ ಹಲಕುರ್ಕಿ ಉತ್ತರ ಕರ್ನಾಟಕದವರು. ಆದರೆ ಎದುರಾಳಿಯ ಕಾಲನ್ನು ಮುಟ್ಟುವಂತೆಯೇ ಇಲ್ಲದ ಆ ಗ್ರೀಕೋ-ರೋಮನ್ ಶೈಲಿಯನ್ನು ನಮ್ಮ ಊರುಗಳ ಎಷ್ಟು ಗರಡಿಗಳು ಕಲಿಸುತ್ತವೆ? ಬಳ್ಳಾರಿ ಸೀಮೆಯ ವಿಜಯನಗರದಲ್ಲಿ 2018ರಲ್ಲಿ ಶುರುವಾದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಂತಹ ಕೇಂದ್ರಗಳಲ್ಲಿ ಕುಸ್ತಿಗೆ ಒಳ್ಳೆಯ ತರಬೇತಿ ಇದೆ. ಅಲ್ಲಿಗೆ ಆಯ್ಕೆಯಾಗುವವರು ಕೆಲವರು. ಉಳಿದವರು ಕಾಯುತ್ತ ಕೂರಬೇಕೇ?

ಇನ್ನು ಹೆಣ್ಣುಮಕ್ಕಳ ಮಾತು. ಹನುಮಂತನ ಹೆಸರು ಹೇಳಿ ಅವರನ್ನು ಹೊಸ್ತಿಲಾಚೆಗೇ ನಿಲ್ಲಿಸುವ ಗರಡಿಗಳು ಇನ್ನೂ ಇವೆ. ಮಹಿಳಾ ಕುಸ್ತಿ ಒಲಿಂಪಿಕ್ಸ್‌ಗೆ ಬಂದದ್ದು 2004ರಲ್ಲಿ. 2016ರಲ್ಲಿ ಸಾಕ್ಷಿ ಮಲಿಕ್ ಕಂಚು ತಂದರು. ನಮ್ಮ ಪಕ್ಕದ ಹಳಿಯಾಳದ ಹೆಣ್ಣುಮಕ್ಕಳು ಕುಸ್ತಿಯಲ್ಲಿ ಹೆಸರು ಮಾಡಿದ್ದಾರೆ. ಬ್ಯಾಡಗಿಯ ಹುಡುಗಿಗೆ ಗರಡಿಯ ಬಾಗಿಲು ತೆರೆಯದಿದ್ದರೆ, ಶಾಲೆಯ ಮ್ಯಾಟ್ ಮೇಲೆ ಗೆಳತಿಯ ಜೊತೆ ವಿಡಿಯೊ ನೋಡಿ ಕಲಿಯುವ ದಾರಿಯನ್ನೂ ಮುಚ್ಚುವುದು ಅನ್ಯಾಯ.

ವಿರೋಧ: ಮೈಗೆ ಮೈ ತಾಗದೆ ಕುಸ್ತಿ ಬರುವುದಿಲ್ಲ

ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಕೊಳ್ಳುವವರು ಬಣ್ಣ, ಸುಕ್ಕು ನೋಡಿ ಸುಮ್ಮನಾಗುವುದಿಲ್ಲ. ಹಿಡಿಯಲ್ಲಿ ತೆಗೆದು ಅಮುಕಿ, ಮುರಿದು, ತೇವ ಎಷ್ಟಿದೆ ಎಂದು ಕೈಯಿಂದಲೇ ತಿಳಿಯುತ್ತಾರೆ. ಕುಸ್ತಿಯ ಅರಿವೂ ಹಾಗೆ ಕೈಯಲ್ಲಿದೆ. ಎದುರಾಳಿಯ ಭಾರ ಯಾವ ಕಾಲಿನ ಮೇಲಿದೆ, ಅವನು ಉಸಿರು ಬಿಡುವಾಗ ಹೆಗಲು ಎಷ್ಟು ಸಡಿಲವಾಗುತ್ತದೆ, ಹಿಡಿತ ಯಾವ ಗಳಿಗೆಯಲ್ಲಿ ಜಾರುತ್ತದೆ ಎಂಬುದು ಪರದೆಯ ಮೇಲೆ ಕಾಣುವುದಿಲ್ಲ. ಉಸ್ತಾದರು ಶಿಷ್ಯನ ಹಿಂಗತ್ತಿಗೆ ಕೈ ಹಾಕಿ ಒಮ್ಮೆ ಕೆಳಕ್ಕೆ ಜಗ್ಗುತ್ತಾರೆ. ಅವನ ಹೆಜ್ಜೆ ಎಲ್ಲಿ ತಪ್ಪಿತೆಂದು ಅವರ ಕೈಗೆ ಗೊತ್ತಾಗುತ್ತದೆ. ‘ಸೊಂಟ ಇಳಿಸು’ ಎಂದು ಅಲ್ಲೇ ತಿದ್ದುತ್ತಾರೆ.

ವಿಡಿಯೊದವನಿಗೆ ನೋಡುತ್ತಿರುವವರು ಯಾರೆಂದು ತಿಳಿಯದು. ಗಿಡ್ಡಗೆ ಗಟ್ಟಿಯಾಗಿರುವ ಹುಡುಗನಿಗೆ ಒಂದು ಪಟ್ಟು ಒಗ್ಗಿದರೆ, ಉದ್ದ ಕಾಲಿನ ಹುಡುಗನಿಗೆ ಇನ್ನೊಂದು ಒಗ್ಗುತ್ತದೆ. ಪ್ರತಿ ಡಾವಿಗೂ ಅದನ್ನು ಮುರಿಯುವ ಒಂದು ತೋಡು ಇದೆ. ಅದನ್ನು ಕಲಿಸದೆ ಉಸ್ತಾದರು ಮುಂದಿನ ಡಾವಿಗೆ ಹೋಗುವುದಿಲ್ಲ. ಮೊಬೈಲಿನಲ್ಲಿ ಆ ಕ್ರಮ ಇಲ್ಲ. ಅರ್ಧ ನಿಮಿಷದ ರೀಲ್ಸ್‌ನಲ್ಲಿ ಕೊನೆಯ ಎಸೆತ ಮಾತ್ರ ಇರುತ್ತದೆ, ಅದಕ್ಕೂ ಮುಂಚೆ ಎರಡು ನಿಮಿಷ ನಡೆದ ಕೈಗಳ ಎಳೆದಾಟವನ್ನು ಕತ್ತರಿಸಿರುತ್ತಾರೆ. ನಾಲ್ಕೈದು ವರ್ಷ ಸಾಮು ಮಾಡಿದವನಿಗೆ ಬೇಕಾಗಿರುವುದು ಆ ಎಳೆದಾಟದ ಪಾಠ. ತನ್ನದೇ ವಿಡಿಯೊ ನೋಡಿಕೊಳ್ಳುವವನಿಗೂ ತಾನು ಹುಡುಕುತ್ತಿರುವ ತಪ್ಪಷ್ಟೇ ಕಾಣುತ್ತದೆ. ಕಾಣದ ತಪ್ಪು ದಿನದಿನದ ಅಭ್ಯಾಸದಿಂದ ಮೈಗಂಟುತ್ತದೆ.

ಅಪಾಯ ಇನ್ನೂ ದೊಡ್ಡದು. ಎದುರಾಳಿಯನ್ನು ಎತ್ತಿ ದೊಡ್ಡ ಸುತ್ತಿನಲ್ಲಿ ಹಿಂದಕ್ಕೆ ಎಸೆದರೆ ಮ್ಯಾಟ್ ಮೇಲೆ 5 ಪಾಯಿಂಟ್‌ವರೆಗೆ ಸಿಗುತ್ತದೆ. ಹೆಚ್ಚು ಜನ ನೋಡುವುದೂ ಅಂತಹ ವಿಡಿಯೊಗಳನ್ನೇ. ಹದಿನಾರರ ಹುಡುಗರಿಬ್ಬರು ಅದನ್ನು ಗಟ್ಟಿ ನೆಲದ ಮೇಲೆ, ಕಾಯುವವರಿಲ್ಲದೆ ಪ್ರಯೋಗಿಸಿದರೆ ಪೆಟ್ಟು ಬೀಳುವುದು ಕುತ್ತಿಗೆಗೆ. ಕುತ್ತಿಗೆಯ ಪೆಟ್ಟು ಜೀವಮಾನದ ಪೆಟ್ಟು.

ತೂಕ ಇಳಿಸುವ ವಿಡಿಯೊಗಳು ಇದಕ್ಕಿಂತ ಭಯಂಕರ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿನೇಶ್ ಫೋಗಟ್ 50 ಕೆ.ಜಿ. ವಿಭಾಗದ ಫೈನಲ್‌ನ ಬೆಳಿಗ್ಗೆ 100 ಗ್ರಾಂ ಹೆಚ್ಚಾಗಿ ಅನರ್ಹರಾದರು. ಅದೇ ಕೂಟದಲ್ಲಿ ಅಮನ್ ಸೆಹ್ರಾವತ್ ರಾತ್ರಿಯಿಡೀ ಬೆವರು ಹರಿಸಿ ಸುಮಾರು 4.6 ಕೆ.ಜಿ. ಇಳಿಸಿ, ಮರುದಿನ 57 ಕೆ.ಜಿ. ವಿಭಾಗದಲ್ಲಿ ಕಂಚು ಗೆದ್ದರು. ಅಮನ್ ಪಕ್ಕದಲ್ಲಿ ತರಬೇತುದಾರರ ತಂಡ ಎಚ್ಚರವಿತ್ತು. ಆ ಕತೆ ನೋಡಿ ರಾಣೆಬೆನ್ನೂರಿನ ಹುಡುಗ ಒಂಟಿಯಾಗಿ ನೀರು ಬಿಟ್ಟು ಓಡತೊಡಗಿದರೆ ಯಾರು ತಡೆಯುತ್ತಾರೆ? 1997ರ ಕೊನೆಯಲ್ಲಿ ಅಮೆರಿಕದಲ್ಲಿ ಹೀಗೆ ತೂಕ ಇಳಿಸಲು ಹೋಗಿ ಮೂವರು ಕಾಲೇಜು ಕುಸ್ತಿಪಟುಗಳು ಜೀವ ಕಳೆದುಕೊಂಡರು.

ಕೊನೆಯದಾಗಿ, ವಿಡಿಯೊ ಇದೆಯಲ್ಲ ಎಂಬ ಮಾತು ಆಳುವವರಿಗೆ ಒಳ್ಳೆಯ ನೆಪವಾಗುತ್ತದೆ. ತರಬೇತುದಾರರ ನೇಮಕವನ್ನು ಮುಂದೂಡಬಹುದು, ಮ್ಯಾಟ್ ಖರೀದಿಯನ್ನು ಮರೆಯಬಹುದು. ಹುಡುಗರು ಮೊಬೈಲ್ ಹಿಡಿದು ಮನೆಯಲ್ಲೇ ಉಳಿದರೆ ಗರಡಿಗೆ ಬೀಗ ಬೀಳುತ್ತದೆ.

ಪರದವರ ಮರುಮಾತು

ನೀವು ಹೇಳಿದ ಅಪಾಯಗಳೆಲ್ಲ ದೊಡ್ಡವರು ಪಕ್ಕದಲ್ಲಿ ಇಲ್ಲದಿರುವುದರಿಂದ ಹುಟ್ಟಿದವು. ವಿಡಿಯೊ ನೋಡಬೇಡ ಎಂದರೆ ಹುಡುಗ ಕದ್ದು ನೋಡುತ್ತಾನೆ, ಉಸ್ತಾದರಿಗೆ ಹೇಳದೆ ಪ್ರಯೋಗಿಸುತ್ತಾನೆ. ಗರಡಿಯಲ್ಲೇ ಕೂತು ಎಲ್ಲರೂ ಒಟ್ಟಿಗೆ ನೋಡುವುದು ಅದಕ್ಕಿಂತ ಸುರಕ್ಷಿತ. ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯದ ಗರಡಿ, ಬೀಗ ಬೀಳುವ ಚಿಂತೆಯನ್ನು ಮೊಬೈಲಿನ ಮೇಲೆ ಹೊರಿಸುವುದು ಸರಿಯಲ್ಲ.

ವಿರೋಧದವರ ಮರುಮಾತು

ಉಸ್ತಾದರ ಪಕ್ಕ ಕೂತು ನೋಡುವುದಾದರೆ ನಮ್ಮ ತಕರಾರಿಲ್ಲ. ಆಗ ಕಲಿಸುವವರು ಉಸ್ತಾದರೇ, ವಿಡಿಯೊ ಅವರ ಕೈಯ ಸಲಕರಣೆ. ಹೆಣ್ಣುಮಕ್ಕಳ ವಿಷಯದಲ್ಲಿ ನಿಮ್ಮ ದೂರು ನಿಜ. ಆದರೆ ಅವರಿಗೂ ಸಿಗಬೇಕಾದದ್ದು ಗರಡಿ ಮತ್ತು ಗುರು. ಮೊಬೈಲ್ ಕೊಟ್ಟು ಸಮಾಧಾನ ಮಾಡುವುದು ಅವರಿಗೆ ಎರಡನೇ ಸಲ ಮಾಡುವ ಅನ್ಯಾಯ.

ನನ್ನ ನಿಲುವು

ಎರಡೂ ವಾದಗಳನ್ನು ತೂಗಿದ ಮೇಲೆ ನನಗೆ ಖಚಿತವಾಗಿರುವುದು ಇಷ್ಟು. ನಿಯಮ ತಿಳಿಯಲು, ದೊಡ್ಡವರ ಕುಸ್ತಿಗಳನ್ನು ಓದಲು, ತನ್ನ ತಪ್ಪನ್ನು ತಾನು ಕಾಣಲು ವಿಡಿಯೊ ಬೇಕು. ಎಸೆತದ ಪಟ್ಟುಗಳಿಗೆ ಮತ್ತು ತೂಕದ ವಿಷಯಕ್ಕೆ ವಿಡಿಯೊವನ್ನು ಗುರು ಮಾಡಿಕೊಳ್ಳಬಾರದು. ಅಲ್ಲಿ ಅನುಭವಿಯ ಕಣ್ಣು, ಕೈ ಎರಡೂ ಹತ್ತಿರ ಇರಲೇಬೇಕು. ವಾರಕ್ಕೊಂದು ಸಂಜೆ ಉಸ್ತಾದರು, ಮ್ಯಾಟ್ ಕುಸ್ತಿ ಬಲ್ಲ ತರುಣರು, ಹುಡುಗ ಹುಡುಗಿಯರು ಒಟ್ಟಿಗೆ ಕೂತು ಒಂದೇ ಒಂದು ಪಟ್ಟನ್ನು ನೋಡಲಿ. ಮರುದಿನ ಬೆಳಿಗ್ಗೆ ಅದನ್ನೇ ಜೋಡಿ ಹಿಡಿದು ಮಾಡಲಿ. ಕನ್ನಡದಲ್ಲಿ ವಿವರಿಸುವ ಒಳ್ಳೆಯ ಪಾಠಗಳನ್ನು ನಮ್ಮ ಹಿರಿಯ ಪೈಲ್ವಾನರಿಂದಲೇ ಮಾಡಿಸಲಿ.

ಇದಕ್ಕೆಲ್ಲ ಮೊದಲು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ಊರುಗಳಲ್ಲಿ ಎಲ್ಲರಿಗೂ ತೆರೆದ ಒಂದೊಂದು ಮ್ಯಾಟ್, ದಿನವೂ ಬರುವ ಒಬ್ಬೊಬ್ಬ ತರಬೇತುದಾರರು ಇರಬೇಕು. ಪರದವರೂ ವಿರೋಧದವರೂ ಒಂದಾಗಿ ಜಿಲ್ಲಾಡಳಿತದ ಮುಂದೆ ಇಡಬೇಕಾದ ಬೇಡಿಕೆ ಇದು. ಅದು ಈಡೇರಿದರೆ ಮೊಬೈಲಿನಿಂದ ನಮ್ಮ ಪೈಲ್ವಾನರಿಗೆ ಲಾಭವೇ ಹೊರತು ನಷ್ಟವಿಲ್ಲ.